ಅರಗಿನ ಹಿಂದಿನ ದೊರೆ

ನಮ್ಮ ಅಮ್ಮನ ಕಡೆಯ ಹೆಂಗಸರು ತಲೆಮಾರುಗಟ್ಟಲೆ ಒಬ್ಬ ಪರಪುರುಷನನ್ನು ಎದೆಯ ಮೇಲೆ ಹೊತ್ತುಕೊಂಡು ತಿರುಗಿದವರು. ಇದನ್ನು ಅಮ್ಮ ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ದಿನ, ತನ್ನ ಕೊರಳಿನ ಚಿನ್ನದ ಕಾಸನ್ನು ಬಿಚ್ಚಿ ನನ್ನ ಕೊರಳಿಗೆ ಹಾಕುತ್ತಾ. ಹಳೆಯ ನಾಲ್ಕಾಣೆಯಷ್ಟು ಅಗಲದ ಕಾಸು. ಸುತ್ತ ಚಿನ್ನದ ಕಟ್ಟು, ಮೇಲೊಂದು ಕೊಂಡಿ. ಮುಂದುಗಡೆ ನಿಂತಿರುವ ಒಬ್ಬ ಹೆಂಗಸು. ಹಿಂದುಗಡೆಗೆ ಅರಗು ತುಂಬಿ, ಅದರ ಮೇಲೆ ತೆಳುವಾದ ಚಿನ್ನದ ತಗಡು ಹೊದಿಸಿದ್ದರು.

“ಹಿಂದೆ ಯಾವನೋ ದೊರೆ ಇದಾನಂತೆ ಕಣೆ. ನಮ್ಮಜ್ಜಿಯ ಅಜ್ಜಿ ಕಾಲದಲ್ಲೇ ಮುಚ್ಚಿಸಿದ್ದು. ಗುರುತು ಪರಿಚಯ ಇಲ್ಲದ ಗಂಡಸಿನ ಮುಖ ಎದೆಗೆ ತಾಗ್ತಿರತ್ತಲ್ಲ, ಅದಕ್ಕೆ. ನೀನೂ ತೆಗಿಬೇಡ,” ಎಂದು ಅಮ್ಮ ನಕ್ಕಳು.

ಮುಂದಿದ್ದ ಹೆಂಗಸಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ಅವಳ ಎಡತೋಳಿನಲ್ಲಿ ತುಂಬಿ ತುಳುಕುವ ಗೊನೆಯಂಥದ್ದೇನೋ ಇತ್ತು. ಬಲಗೈಯಲ್ಲಿ ಉದ್ದ ಹಿಡಿಯ, ತುದಿಯಲ್ಲಿ ಅಗಲವಾದ ಒಂದು ವಸ್ತುವನ್ನು ನೆಲಕ್ಕೆ ಊರಿದ್ದಳು. ಅಜ್ಜಿಯ ಪ್ರಕಾರ ಅವಳು ಹೊಂಬಾಳೆ ಹಿಡಿದ ಲಕ್ಷ್ಮಿ. ಅಮ್ಮನ ಪ್ರಕಾರ ಸೌಟು ಹಿಡಿದ ಅನ್ನಪೂರ್ಣೆ, ತೋಳಿನಲ್ಲಿರುವುದು ಬಾಳೆಗೊನೆ. ಅಂಚಿನ ಅಕ್ಷರಗಳು ಕಟ್ಟಿನ ಅಡಿಗೆ ಸಿಕ್ಕಿಕೊಂಡು ತಲೆ ಮಾತ್ರ ಕಾಣುತ್ತಿದ್ದವು. ಅದು ದೇವಿಯ ಬೀಜಮಂತ್ರ, ಓದಬಾರದು ಎಂದು ಅಜ್ಜಿ ಹೇಳಿದ್ದಳು. ಇಂಗ್ಲಿಷ್ ಅಕ್ಷರ ಇದ್ದಹಾಗಿದೆಯಲ್ಲ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ.

ಪಕ್ಷ ಯಾವುದಾದರೂ ಪೂಜೆಗೆ ಭಿನ್ನಾಭಿಪ್ರಾಯ ಇರಲಿಲ್ಲ. ಪ್ರತಿ ಶುಕ್ರವಾರ ಉಂಗುರದ ಬೆರಳಿನಿಂದ ದೇವಿಯ ಮುಖಕ್ಕೆ ಕುಂಕುಮ ಇಡುವುದು, ಮರುದಿನ ಸೆರಗಿನಿಂದ ಒರೆಸುವುದು. ಅಷ್ಟು ಹೆಂಗಸರು ಅಷ್ಟು ಶುಕ್ರವಾರ ಇಟ್ಟು ಒರೆಸಿ ಅವಳ ಕಣ್ಣು ಮೂಗು ಪೂರಾ ಸವೆದುಹೋಗಿದ್ದವು. ಚೀಪಿ ಬಿಟ್ಟ ಪೆಪ್ಪರಮಿಂಟಿನಂತೆ ನುಣ್ಣಗಿನ ಮುಖ. ಸೀರೆಯ ನೆರಿಗೆಗಳಲ್ಲಿ ಮಾತ್ರ ಹಳೆಯ ಕುಂಕುಮ ಗಟ್ಟಿಯಾಗಿ ಕೂತು ಕೆಂಪು ಗೆರೆಗಳಾಗಿತ್ತು. ಕಾಸು ತಾಯಿಯಿಂದ ಹಿರಿಮಗಳಿಗೆ ಹೋಗಬೇಕು, ಸೊಸೆಗೆ ಹೋಗುವಂತಿಲ್ಲ, ಗಂಡಸರು ಅದರ ಮಾತೆತ್ತುವಂತಿಲ್ಲ. ನಮ್ಮ ವಂಶದಲ್ಲಿ ಹೆಂಗಸರ ಕೈಯಲ್ಲೇ ಪೂರ್ತಿಯಾಗಿ ಇದ್ದ ವಸ್ತು ಅದೊಂದೇ ಇರಬೇಕು.

ಎಂಬತ್ತರ ದಶಕ ಶುರುವಾಗುತ್ತಿದ್ದಾಗ ಆ ಕಾಸು ನನ್ನ ಜೊತೆ ಅಮೆರಿಕದ ಫ್ರೀಮಾಂಟಿಗೆ ಬಂತು. ನನ್ನ ಗಂಡ ಕೊಲ್ಲಿಯ ಆಚೆ ದಡದ ಮೆನ್ಲೋ ಪಾರ್ಕಿನಲ್ಲಿ ಒಂದು ಲ್ಯಾಬಿನಲ್ಲಿ ಎಂಜಿನಿಯರು. ಬೆಳಿಗ್ಗೆ ಸೇತುವೆ ದಾಟಿ ಹೋಗುವುದು, ಸಂಜೆ ಸೇತುವೆ ದಾಟಿ ಬರುವುದು. ನಾನು ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಇಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮಗಳು ಇಲ್ಲೇ ಹುಟ್ಟಿದಳು. ಅಪಾರ್ಟ್‌ಮೆಂಟು, ಲಾಂಡ್ರಿ, ಗ್ರೋಸರಿ, ಮತ್ತೆ ಅಪಾರ್ಟ್‌ಮೆಂಟು. ಬೇಸರವಾದಾಗ ಕೈ ತಾನಾಗಿ ಕೊರಳಿಗೆ ಹೋಗಿ ಕಾಸನ್ನು ಸವರುತ್ತಿತ್ತು.

ಆಗ ಫ್ರೀಮಾಂಟಿನಲ್ಲಿ ಕನ್ನಡ ಮಾತಾಡುವ ಮನೆಗಳು ಕಡಿಮೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ನಮ್ಮ ಮನೆಗೇ ಬರುತ್ತಿದ್ದರು. ಕಲಶಕ್ಕೆ ಸ್ಟೀಲಿನ ಚೊಂಬು. ಮಾವಿನೆಲೆ ಸಿಗದೆ ಪಕ್ಕದವರ ನಿಂಬೆಗಿಡದ ಎಲೆ. ಬೆಳ್ಳಿಯ ಮುಖವಾಡ ನನ್ನ ಬಳಿ ಇರಲಿಲ್ಲ, ತೆಂಗಿನಕಾಯಿಗೆ ಅರಿಶಿನ ಹಚ್ಚಿ, ಕಾಡಿಗೆಯಲ್ಲಿ ಕಣ್ಣು ಬರೆದು, ರೇಷ್ಮೆಯ ಬ್ಲೌಸ್ ಪೀಸು ಉಡಿಸಿ, ಅದರ ಕೊರಳಿಗೆ ನನ್ನ ಕಾಸನ್ನು ಹಾಕುತ್ತಿದ್ದೆ. ಬಂದ ಹೆಂಗಸರೆಲ್ಲ ಮೊದಲು ಆ ಕಾಸಿಗೆ ಕುಂಕುಮ ಇಟ್ಟು ಆಮೇಲೆ ತಾವು ಇಟ್ಟುಕೊಳ್ಳುವರು. ಮಂಡ್ಯದವರೂ ಹಾಸನದವರೂ ಬೆಂಗಳೂರಿನವರೂ ಸೇರಿ ನಮ್ಮಜ್ಜಿಯ ದೇವಿಯ ಮುಖವನ್ನು ಇನ್ನಷ್ಟು ಸವೆಸುತ್ತಿದ್ದಾರೆ ಎಂದು ನನಗೆ ಹೆಮ್ಮೆಯೇ ಆಗುತ್ತಿತ್ತು.

ಒಂದು ಭಾನುವಾರ ನನ್ನ ಗಂಡನ ಲ್ಯಾಬಿನ ಡೈರೆಕ್ಟರು ನಮ್ಮನ್ನು ಊಟಕ್ಕೆ ಕರೆದರು. ಮೆನ್ಲೋ ಪಾರ್ಕಿನ ಗುಡ್ಡದ ಕಡೆ ಓಕ್ ಮರಗಳ ನಡುವೆ ದೊಡ್ಡ ಮನೆ. ಎತ್ತರದ, ಮೆದು ಮಾತಿನ ಅಮೆರಿಕನ್ ಮನುಷ್ಯ. ಸಲಾಡಿನ ಬಟ್ಟಲನ್ನು ನನ್ನ ಕಡೆಗೆ ಚಾಚಿದವರು ಅಲ್ಲೇ ನಿಂತುಬಿಟ್ಟರು, ಕಣ್ಣು ನನ್ನ ಎದೆಯ ಮೇಲೆ. ನನಗೆ ಇರುಸುಮುರುಸಾಯಿತು. ಅವರ ಹೆಂಡತಿ ನಕ್ಕು, “ಹೆದರಬೇಡಿ, ಅವರು ನೋಡುತ್ತಿರುವುದು ನಾಣ್ಯವನ್ನು,” ಎಂದರು. ಅವರಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚಂತೆ.

ಡೈರೆಕ್ಟರು ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು, ನನ್ನ ಅನುಮತಿ ಕೇಳಿ, ಸರದಿಂದ ಬಿಚ್ಚಿಕೊಟ್ಟ ಕಾಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇದು ರೋಮ್ ಸಾಮ್ರಾಜ್ಯದ ಚಿನ್ನದ ನಾಣ್ಯ, ಮೆಣಸು ಮುತ್ತು ಕೊಳ್ಳಲು ಬಂದ ಹಡಗುಗಳಲ್ಲಿ ನಿಮ್ಮ ನಾಡಿಗೆ ಹೋದದ್ದು ಎಂದರು. ಇವಳು ಅವರ ಅದೃಷ್ಟದೇವಿ. ತೋಳಿನಲ್ಲಿರುವುದು ಹಣ್ಣು ಕಾಳು ತುಂಬಿದ ಕೊಂಬು. ಕೈಯಲ್ಲಿರುವುದು ಹಡಗಿನ ಚುಕ್ಕಾಣಿ, ಅದೃಷ್ಟ ಯಾರನ್ನು ಎತ್ತ ತಿರುಗಿಸುವುದೋ ಹೇಳಲಾಗದು ಎಂಬುದಕ್ಕೆ.

ಸೌಟಲ್ಲ, ಚುಕ್ಕಾಣಿ! ನನಗೆ ಜೋರಾಗಿ ನಗು ಬಂತು. ಅಜ್ಜಿಯ ಹೊಂಬಾಳೆ, ಅಮ್ಮನ ಬಾಳೆಗೊನೆಯ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಅವರು ಮಗುವಿನಂತೆ ಖುಷಿಪಟ್ಟು ಕೇಳಿದರು. ಆಮೇಲೆ ಕಾಸನ್ನು ತಿರುಗಿಸಿ ಹಿಂದಿನ ತಗಡನ್ನು ನೋಡಿದರು. ಇದರ ಕೆಳಗೆ ಚಕ್ರವರ್ತಿಯ ಮುಖ ಇರಲೇಬೇಕು, ಅರಗು ಮುಚ್ಚಿದ್ದರಿಂದ ಚೂರೂ ಸವೆಯದೆ ಇರಬಹುದು, ಒಮ್ಮೆ ತೆಗೆಸಿ ನೋಡಬಹುದೇ ಎಂದು ಕೇಳಿದರು. ನಮ್ಮಲ್ಲಿ ತೆಗೆಯುವ ಪದ್ಧತಿ ಇಲ್ಲ ಎಂದೆ. ಅವರು ಆ ಕ್ಷಣವೇ ಕ್ಷಮೆ ಕೇಳಿ ಕಾಸನ್ನು ಹಿಂದಕ್ಕೆ ಕೊಟ್ಟರು. ಆ ಮನುಷ್ಯನ ಬಗ್ಗೆ ನನಗೆ ಅಂದೂ ಇಂದೂ ದೂರಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನನ್ನ ಗಂಡನ ಕಾಲು ನೆಲದ ಮೇಲಿರಲಿಲ್ಲ.

“ಇಷ್ಟು ವರ್ಷದಲ್ಲಿ ಅವ್ರು ನನ್ ಜೊತೆ ಕೆಲಸ ಬಿಟ್ಟು ಬೇರೆ ಒಂದ್ ಮಾತಾಡಿರ್ಲಿಲ್ಲ ಕಣೆ. ಇವತ್ತು ನೋಡು! ಒಂದ್ಸಲ ಆ ಅರಗು ತೆಗೆಸಿ ತೋರ್ಸೋಣ್ವಾ? ಪಾಪ, ಎಷ್ಟು ಆಸೆಯಿಂದ ಕೇಳಿದ್ರು.”

“ಅದನ್ನ ಮಾತ್ರ ಕೇಳ್ಬೇಡಿ,” ಎಂದೆ. ಅವರು ಮತ್ತೆ ಕೇಳಲಿಲ್ಲ. ಎಷ್ಟು ತಿಳಿವಳಿಕೆಯ ಗಂಡ ಎಂದುಕೊಂಡೆ.

ಮರುವರ್ಷ ಮೈದುನನ ಮದುವೆಗೆ ಅವರೊಬ್ಬರೇ ಬೆಂಗಳೂರಿಗೆ ಹೊರಟರು. ಮಗಳಿಗೆ ಸೀತಾಳೆ ಸಿಡುಬು ಎದ್ದಿತ್ತು, ನಾನು ಉಳಿದೆ. ಹೊರಡುವ ಮುನ್ನ ಅವರು ನನ್ನ ಕೊರಳಿನ ಕಾಸನ್ನು ಎತ್ತಿ ಹಿಡಿದು, “ನೋಡಿಲ್ಲಿ, ಕೊಂಡಿ ಸವೆದು ನೂಲಾಗಿದೆ. ಎಲ್ಲಾದ್ರೂ ಬಿದ್ದುಹೋದ್ರೆ ನಿಮ್ಮಮ್ಮಂಗೆ ಏನ್ ಹೇಳ್ತೀಯ? ಕೊಡು, ಊರಲ್ಲಿ ಹೊಸ ಕೊಂಡಿ ಹಾಕಿಸ್ಕೊಂಡು ಬರ್ತೀನಿ,” ಎಂದರು. ಕೊಂಡಿ ಸವೆದಿದ್ದು ನಿಜ. ನನ್ನ ವಸ್ತುವಿನ ಬಗ್ಗೆ ಅವರಿಗೆ ಇಷ್ಟು ಕಾಳಜಿಯೇ ಎಂದು ಕಣ್ಣು ತುಂಬಿ ಬಂತು. ನಾನೇ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ಹತ್ತಿಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಈಗ ನೆನೆದರೆ ಮೈ ಉರಿಯುವುದು ಅದಕ್ಕೇ. ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು. ಅವರು ನನ್ನ ನಂಬಿಕೆಯನ್ನೇ ಕೈಚೀಲ ಮಾಡಿಕೊಂಡು ಹೋದರು.

ಹಿಂತಿರುಗಿದಾಗ ಕಾಸು ಮಿರಮಿರ ಮಿಂಚುತ್ತಿತ್ತು. ಹೊಸ ಕೊಂಡಿ, ಹೊಸ ಕಟ್ಟು, ಹಿಂದೆ ಹೊಸ ತಗಡು. ದೇವಿ ಹಾಗೇ ನಿಂತಿದ್ದಳು, ಅದೇ ಮುಖವಿಲ್ಲದ ಮುಖ, ಅದೇ ಸೌಟು. ನೆರಿಗೆಯ ಕುಂಕುಮ ಮಾತ್ರ ಇರಲಿಲ್ಲ.

“ಕೆಂಪೆಲ್ಲ ಹೋಗ್ಬಿಟ್ಟಿದೆಯಲ್ಲ ರೀ.”

“ಪಾಲಿಶ್ ಮಾಡಿಸ್ದೆ. ಎಷ್ಟು ಕೊಳೆ ಕೂತಿತ್ತು ಗೊತ್ತಾ?”

ನಮ್ಮ ಹೆಂಗಸರ ಕುಂಕುಮವನ್ನು ಕೊಳೆ ಎಂದದ್ದು ಚುಚ್ಚಿತು. ಆದರೆ ಗಂಡಸರಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಬಿಟ್ಟೆ. ಚಿನ್ನದ ಬಣ್ಣ ತುಸು ಕೆಂಚಗೆ ಕಂಡಿತು, ಅದಕ್ಕೂ ಪಾಲಿಶ್ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಬೇಗ ಮೊದಲಿನಂತಾಗಲಿ ಎಂದು ಶುಕ್ರವಾರದ ಜೊತೆ ಮಂಗಳವಾರವೂ ಕುಂಕುಮ ಇಡತೊಡಗಿದೆ.

ಆ ವರ್ಷದ ವರಮಹಾಲಕ್ಷ್ಮಿಗೆ ನನ್ನ ಗಂಡ ಆಫೀಸಿನಿಂದ ಬೇಗ ಬಂದರು. ಸ್ನಾನ ಮಾಡಿ, ಪಂಚೆ ಉಟ್ಟು, ಕಲಶದ ಮುಂದೆ ಉದ್ದಕ್ಕೆ ಮಲಗಿ ನಮಸ್ಕಾರ ಮಾಡಿದರು. ಯಾವಾಗಲೂ ನಿಂತು ಕೈ ಮುಗಿದು ಮುಗಿಸುವವರು. ಬಂದಿದ್ದ ಹೆಂಗಸರು, “ನಿಮ್ಮ ಯಜಮಾನರಿಗೆ ಎಷ್ಟು ಭಕ್ತಿ ಕಣ್ರೀ, ನಮ್ಮವ್ರು ಸೋಫಾ ಬಿಟ್ಟು ಏಳಲ್ಲ,” ಎಂದು ಹೊಟ್ಟೆಕಿಚ್ಚು ಪಟ್ಟರು. ನಾನು ಉಬ್ಬಿ ಹೋದೆ. ಎದ್ದವರು ಕಾಸಿನ ಕಡೆ ನೋಡದೆ ಪ್ರಸಾದದ ಕಡೆ ನಡೆದರು. ಹಸಿವಾಗಿರಬೇಕೆಂದು ಮೊದಲು ಅವರಿಗೇ ಒಬ್ಬಟ್ಟು ಬಡಿಸಿದೆ.

ಕೆಲವೇ ತಿಂಗಳಲ್ಲಿ ಅವರು ಲ್ಯಾಬಿನಲ್ಲಿ ಒಂದು ತಂಡಕ್ಕೆ ಮುಖ್ಯಸ್ಥರಾದರು. ಗ್ರೀನ್ ಕಾರ್ಡಿನ ಕಾಗದಗಳಿಗೂ ಡೈರೆಕ್ಟರು ಸಹಿ ಹಾಕಿದರು. ಎಲ್ಲ ದೇವಿಯ ದಯೆ ಎಂದು ನಾನು ಕಾಸನ್ನು ಕಣ್ಣಿಗೆ ಒತ್ತಿಕೊಂಡೆ. ಅವರೂ ತಲೆಯಾಡಿಸಿದರು.

ಮುಂದಿನ ಬೇಸಿಗೆಯಲ್ಲಿ ಡೈರೆಕ್ಟರ ಮನೆಯ ಹಿತ್ತಲಲ್ಲಿ ಲ್ಯಾಬಿನವರಿಗೆಲ್ಲ ಮಧ್ಯಾಹ್ನದ ಪಾರ್ಟಿ ಇತ್ತು. ಗಂಡಸರು ಒಲೆಯ ಸುತ್ತ ನಿಂತು ಮಾಂಸ ಸುಡುತ್ತಿದ್ದರು, ಮಕ್ಕಳು ಹುಲ್ಲಿನ ಮೇಲೆ ನೀರಿನ ಪೈಪು ಹಿಡಿದು ಕುಣಿಯುತ್ತಿದ್ದವು. ಡೈರೆಕ್ಟರು ನನ್ನನ್ನು ಕಂಡದ್ದೇ ತಡ, ಬನ್ನಿ, ನಿಮಗೆ ತೋರಿಸಲೇಬೇಕಾದದ್ದೊಂದಿದೆ ಎಂದು ಒಳಗೆ ಕರೆದೊಯ್ದರು. ಓದುವ ಕೋಣೆಯಲ್ಲಿ ಒಂದು ಅಗಲವಾದ ಡ್ರಾಯರು ಎಳೆದರು. ನೀಲಿ ಮಖಮಲ್ಲಿನ ಗುಳಿಗಳಲ್ಲಿ ನಾಣ್ಯಗಳು. ನಡುವಿನ ಗುಳಿಯಿಂದ ಒಂದನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟರು.

ಒಬ್ಬ ಗಂಡಸಿನ ಮುಖ. ದಪ್ಪ ಕತ್ತು, ಸುರುಳಿ ಕೂದಲು, ತಲೆಗೆ ಎಲೆಗಳ ಕಿರೀಟ, ಅದರ ದಾರದ ಗಂಟು ಹಿಂದೆ ಇಳಿಬಿದ್ದಿತ್ತು. ಕಾಫಿ ತಡವಾದಾಗ ನನ್ನ ಸೋದರಮಾವ ಮಾಡುತ್ತಿದ್ದಂಥ ಮುನಿಸಿನ ತುಟಿ. ನಿನ್ನೆ ಟಂಕಸಾಲೆಯಿಂದ ಹೊರಬಂದ ಹಾಗೆ ಒಂದೊಂದು ಕೂದಲೂ ಎದ್ದು ಕಾಣುತ್ತಿತ್ತು. ಡೈರೆಕ್ಟರು ಚಕ್ರವರ್ತಿಯ ಹೆಸರು ಹೇಳಿದರು. ಅದನ್ನು ನಾನು ಬೇಕೆಂದೇ ನೆನಪಿಟ್ಟುಕೊಂಡಿಲ್ಲ.

“ತುಂಬಾ ಚೆನ್ನಾಗಿದೆ,” ಎಂದು ಔಪಚಾರಿಕವಾಗಿ ಹೇಳಿದೆ. ಬೇರೆ ಯಾರ ಮನೆಯ ಆಲ್ಬಮ್ಮನ್ನೋ ನೋಡುವಂತೆ ನೋಡುತ್ತಿದ್ದೆ.

ಅವರು ಬೆರಳಿನಿಂದ ನಾಣ್ಯವನ್ನು ತಿರುಗಿಸಿದರು.

ಮುಖವಿಲ್ಲದ ಹೆಂಗಸು. ಬಾಳೆಗೊನೆ. ಸೌಟು. ಕಟ್ಟು ಇರಲಿಲ್ಲ, ಕೊಂಡಿ ಇರಲಿಲ್ಲ. ಅಂಚಿನ ಅಕ್ಷರಗಳು ಪೂರ್ತಿ ಕಾಣುತ್ತಿದ್ದವು, ಇಂಗ್ಲಿಷ್ ಅಕ್ಷರಗಳೇ, ಅಜ್ಜಿ ಮೊಟಕಿದ್ದು ಸುಮ್ಮನೆ. ನಾಣ್ಯವನ್ನು ತೊಳೆದು ಸ್ವಚ್ಛ ಮಾಡಿದ್ದರು. ಆದರೂ ಸೀರೆಯ ಒಂದು ನೆರಿಗೆಯ ಆಳದಲ್ಲಿ ಸೂಜಿಮೊನೆಯಷ್ಟು ಕೆಂಪು ಉಳಿದಿತ್ತು.

ನನ್ನ ಇನ್ನೊಂದು ಕೈ ಕೊರಳಿಗೆ ಹೋಯಿತು. ಅಲ್ಲೂ ಅವಳೇ ಇದ್ದಳು.

ಡೈರೆಕ್ಟರು ಅದನ್ನು ನೋಡಿ ಸಂತೋಷದಿಂದ ನಕ್ಕರು. “ಹೌದು, ಜೋಡಿ! ನಿಮ್ಮ ಮನೆಯಲ್ಲಿ ಇಂಥವು ಎರಡಿದ್ದವೆಂದು ನಿಮ್ಮ ಗಂಡ ಹೇಳಿದರು. ಒಂದನ್ನು ನನಗೆ ಕೊಡಬೇಕೆಂದು ಹಟ ಹಿಡಿದದ್ದು ನೀವೇ ಅಂತ. ನಾನು ಬೇಡವೆಂದೆ, ತೆಗೆದುಕೊಳ್ಳದಿದ್ದರೆ ನಿಮ್ಮ ಸಂಪ್ರದಾಯದಲ್ಲಿ ಅವಮಾನ ಮಾಡಿದ ಹಾಗೆ ಎಂದರು. ಎಷ್ಟು ದಿನದಿಂದ ನಿಮಗೆ ಥ್ಯಾಂಕ್ಸ್ ಹೇಳಬೇಕೆಂದಿದ್ದೆ. ನಿಮಗೆ ಸಂಕೋಚ, ಹೇಳಬೇಡಿ ಎಂದು ತಡೆದಿದ್ದರು.” ಈ ಮಾತೆಲ್ಲ ಅವರು ಇಂಗ್ಲಿಷಿನಲ್ಲಿ ಹೇಳಿದ್ದು, ಆದರೆ ನನಗೆ ಒಂದೊಂದು ಮಾತೂ ನನ್ನ ಗಂಡನ ದನಿಯಲ್ಲಿ ಕೇಳಿಸಿತು.

ಕಿಟಕಿಯ ಆಚೆ, ಹುಲ್ಲಿನ ಮೇಲೆ, ಕೈಯಲ್ಲಿ ಕಾಗದದ ತಟ್ಟೆ ಹಿಡಿದು ನನ್ನ ಗಂಡ ನಮ್ಮ ಕಡೆಯೇ ನೋಡುತ್ತಿದ್ದರು. ಡ್ರಾಯರು ತೆರೆದದ್ದು ಅವರಿಗೆ ಕಂಡಿತ್ತು. ಎರಡೂ ಹುಬ್ಬು ಎತ್ತಿ, ತಲೆಯನ್ನು ತುಸುವೇ ಅಡ್ಡಡ್ಡ ಆಡಿಸಿದರು. ಬೇಡ, ಹೇಳಬೇಡ ಎಂದು. ಕ್ಷಮಿಸು ಎಂದಲ್ಲ. ಆ ಹೊತ್ತಿನಲ್ಲಿ ನನಗೆ ಅವರು ಅರಗಿನ ಹಿಂದಿದ್ದ ಆ ದೊರೆಗಿಂತ ಅಪರಿಚಿತರಾಗಿ ಕಂಡರು.

“ಪರವಾಗಿಲ್ಲ, ನಿಮಗೆ ಇಷ್ಟವಾಯಿತಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಾಣ್ಯವನ್ನು ಗುಳಿಯಲ್ಲಿ ಇಟ್ಟೆ. ದೇವಿಯ ಮುಖ ಮೇಲೆ ಬರುವಂತೆ ಇಟ್ಟೆ. ಡೈರೆಕ್ಟರು ಡ್ರಾಯರು ಮುಚ್ಚುವ ಮೊದಲು ಅದನ್ನು ತಿರುಗಿಸಿ ಚಕ್ರವರ್ತಿಯನ್ನು ಮೇಲೆ ಮಾಡಿದರು. ಅವರ ಪದ್ಧತಿ ಹಾಗಿತ್ತು.

ಕಾರು ಸೇತುವೆ ಹತ್ತಿತು. ಮಗಳು ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆಯಲ್ಲಿ ತೂಕಡಿಸುತ್ತಿದ್ದಳು. ಸೇತುವೆಯಾಚೆ ನೆವಾರ್ಕಿನಲ್ಲಿ ಕೊಲ್ಲಿಯ ನೀರಿನಿಂದ ತೆಗೆದು ರಾಶಿ ಹಾಕಿದ ಉಪ್ಪಿನ ಗುಡ್ಡ ಬಿಸಿಲಿಗೆ ಬೆಳ್ಳಗೆ ಕಾಣಿಸಿದಾಗ ಅವರೇ ಬಾಯಿ ತೆರೆದರು.

“ನಿನ್ ಕೊರಳಲ್ಲಿರೋದೂ ಚಿನ್ನಾನೇ. ಒಳ್ಳೆ ಆಚಾರ್ರ ಕೈಲಿ ಅಚ್ಚು ತೆಗೆಸಿ ಮಾಡಿಸಿದ್ದು. ನಿನಗೇನೂ ಕಮ್ಮಿ ಮಾಡಿಲ್ಲ ನಾನು.”

“ನಂಗೆ ಹೇಳ್ಬಹುದಿತ್ತು.”

“ಹೇಳಿದ್ರೆ ಕೊಡ್ತಿದ್ಯಾ?”

“ಇಲ್ಲ.”

“ಮತ್ತೆ? ಅದಕ್ಕೇ ಹೇಳ್ಲಿಲ್ಲ. ನಾನೇನ್ ನನ್ನ ಮಜಕ್ಕೆ ಕೊಟ್ನಾ? ಈ ಮನೆಗೋಸ್ಕರ, ಮಗೂಗೋಸ್ಕರ.”

ನನಗೆ ಬೇರೇನೂ ಕೇಳಬೇಕೆನಿಸಲಿಲ್ಲ, ಒಂದನ್ನು ಬಿಟ್ಟು. “ಹಬ್ಬದ ದಿನ ಉದ್ದಕ್ಕೆ ಮಲಗಿ ನಮಸ್ಕಾರ ಮಾಡಿದ್ರಲ್ಲ ರೀ. ಯಾರಿಗೆ ಮಾಡಿದ್ರಿ?”

ಅವರು ರಸ್ತೆಯಿಂದ ಕಣ್ಣು ತೆಗೆಯದೆ, “ದೇವರು ಅನ್ನೋದು ನಮ್ಮ ಭಾವನೆ ಅಷ್ಟೆ. ಒಂದು ವರ್ಷದಿಂದ ಅದಕ್ಕೇ ಪೂಜೆ ಮಾಡ್ತಿದೀಯ. ನಿನ್ನ ಲಕ್ಷ್ಮಿ ಏನಾದ್ರೂ ಕಂಪ್ಲೇಂಟ್ ಮಾಡಿದ್ಲಾ?” ಎಂದರು.

ಇಷ್ಟು ವರ್ಷವಾದರೂ ಆ ಮಾತು ನನ್ನೊಳಗೆ ಜೀರ್ಣವಾಗಿಲ್ಲ. ಕಾಸು ಹೋದದ್ದಕ್ಕಿಂತ ಹೆಚ್ಚಿಗೆ ನೋಯಿಸಿದ್ದು ಅದು. ಏಕೆಂದರೆ ಅದು ನಿಜ. ನನ್ನ ಮಂಗಳವಾರ, ನನ್ನ ಶುಕ್ರವಾರ, ಬೇಗ ಕೆಂಪಾಗಲಿ ಎಂದು ನೆರಿಗೆಗೆ ತುಂಬಿದ ಕುಂಕುಮ, ಎಲ್ಲವನ್ನೂ ಅವರು ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ನಾನು ಮೋಸ ಹೋಗುವುದನ್ನು ದಿನವೂ ಕಣ್ಣಾರೆ ನೋಡಿ ಆಫೀಸಿಗೆ ಹೋಗಿ ಬರುತ್ತಿದ್ದರು. ಅಷ್ಟೇ ಅಲ್ಲ, ಆ ನಾಟಕಕ್ಕೆ ನಮಸ್ಕಾರವನ್ನೂ ಸೇರಿಸಿದ್ದರು.

ವಾಪಸು ತರಬೇಕು ಎಂದು ಹಟ ಹಿಡಿದೆ. ಮೊದಲು ಕೊಟ್ಟದ್ದನ್ನು ಕೇಳಲಾಗದು ಎಂದರು. ನಾನು ಅಡುಗೆ ಮಾಡಿಟ್ಟು ಮಾತು ನಿಲ್ಲಿಸಿದೆ. ಆಮೇಲೆ, ಆಯಿತು, ಹಬ್ಬದೊಳಗೆ ತಂದುಕೊಡುತ್ತೇನೆ ಎಂದು ಮಗಳ ತಲೆ ಮುಟ್ಟಿ ಹೇಳಿದರು. ನಾನೇ ಹೋಗಿ ಡೈರೆಕ್ಟರನ್ನು ಕೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಹೇಳಬಹುದು. ಕೇಳಿದ್ದರೆ ಆ ಮನುಷ್ಯ ಖಂಡಿತ ಕೊಡುತ್ತಿದ್ದರು. ಆದರೆ ಕೊಡುವ ಹೊತ್ತಿಗೆ ನನ್ನ ಗಂಡ ಸುಳ್ಳುಗಾರ ಎಂಬುದೂ ಅವರಿಗೆ ತಿಳಿಯುತ್ತಿತ್ತು. ನಾವು ಈ ದೇಶದಲ್ಲಿ ಉಳಿಯುವುದೋ ಗಂಟುಮೂಟೆ ಕಟ್ಟುವುದೋ ಎಂಬುದು ಆಗ ಅವರ ಒಂದು ಮಾತಿನ ಮೇಲೆ ನಿಂತಿತ್ತು. ನನ್ನ ಕಾಸನ್ನು ಅಡವಿಟ್ಟದ್ದಲ್ಲದೆ ನನ್ನ ಬಾಯಿಗೂ ಬೀಗ ಹಾಕಿಯೇ ಅವರು ಈ ಕೆಲಸ ಮಾಡಿದ್ದರು. ಅಮ್ಮನಿಗೆ ನಾನು ಯಾವತ್ತೂ ಹೇಳಲಿಲ್ಲ. ಅಪರೂಪಕ್ಕೆ ಫೋನು ಮಾಡಿದಾಗಲೆಲ್ಲ ಅವಳು, “ಅನ್ನಪೂರ್ಣೆ ಹೇಗಿದಾಳೆ?” ಎಂದು ಕೇಳುವಳು. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

ಕಾಸು ಹಿಂತಿರುಗಿ ಬರಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಡ್ರಾಯರಿನ ಸಮೇತ ಡೈರೆಕ್ಟರು ಆಮೇಲೆ ಪೂರ್ವ ಕರಾವಳಿಯ ಕಡೆ ಹೋದರು. ಆ ವರ್ಷದ ಹಬ್ಬದ ಬೆಳಿಗ್ಗೆ ನನ್ನ ಗಂಡ ಷೂ ಹಾಕಿಕೊಳ್ಳುತ್ತಾ, ತಲೆ ಎತ್ತದೆ, “ಗ್ರೀನ್ ಕಾರ್ಡ್ ಕೈಗೆ ಬರ್ಲಿ ಕಣೆ, ಆಮೇಲೆ ಕೇಳ್ತೀನಿ. ಈ ವರ್ಷ ಅದನ್ನೇ ಹಾಕು. ಬರೋರಿಗೆ ಏನ್ ಗೊತ್ತಾಗತ್ತೆ,” ಎಂದು ಹೊರಟುಹೋದರು. ಅವರು ಡೈರೆಕ್ಟರನ್ನು ಕೇಳಿಯೇ ಇರಲಿಲ್ಲ.

ಒಬ್ಬಟ್ಟಿಗೆ ಕಡಲೆಬೇಳೆ ಬೇಯಲು ಇಟ್ಟಿದ್ದೆ. ಪಕ್ಕದ ಒಲೆ ಹಚ್ಚಿ, ಕೊರಳಿನ ಕಾಸನ್ನು ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಉರಿಗೆ ಕಾಯಿಸಿದೆ. ತಗಡಿನ ಅಂಚಿನಿಂದ ಅರಗು ಮೆತ್ತಗಾಗಿ ಜಿನುಗಿತು. ನಮ್ಮ ವಂಶದ ಯಾವ ಹೆಂಗಸೂ ಮಾಡದ ಕೆಲಸ ಅದು, ಆದರೆ ನನಗೆ ಭಯವಾಗಲಿಲ್ಲ. ಇವನಾದರೂ ಇದ್ದಾನೆಯೇ ನೋಡೋಣ ಎನಿಸಿತ್ತು. ಎಲೆಗಳ ಕಿರೀಟದ, ಮುನಿಸಿನ ತುಟಿಯ ಆ ದೊರೆಯ ಒಂದು ಪಡಿಯಚ್ಚಾದರೂ. ಚಾಕುವಿನ ತುದಿಯಿಂದ ತಗಡನ್ನು ಎಬ್ಬಿಸಿ, ಅರಗನ್ನು ಕೆರೆದು, ಬಿಸಿನೀರಿನಲ್ಲಿ ತೊಳೆದೆ.

ಏನೂ ಇರಲಿಲ್ಲ. ಸಪಾಟಾದ ಚಿನ್ನ, ಅದರ ಮೇಲೆ ಅರ ತಿಕ್ಕಿದ ಗೀರುಗಳು. ಅರಗು ತೆಗೆಯದೆ ಮುಂದಿನ ಅಚ್ಚನ್ನು ಮಾತ್ರ ತೆಗೆದು ಮಾಡಿದ್ದರು. ಹೇಗೂ ಮುಚ್ಚುವುದೇ, ಹಿಂದೆ ಯಾರು ನೋಡುತ್ತಾರೆ.

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಷ್ಟು ಕಾಲ ನಮ್ಮ ಹೆಂಗಸರು ಮಾನ ಕಾಪಾಡಿಕೊಳ್ಳಲು ಮುಚ್ಚಿಟ್ಟ ಆ ದೊರೆ ಯಾರಿಗೂ ಒಂದು ಕೆಡುಕು ಮಾಡಿರಲಿಲ್ಲ. ತನ್ನ ಪಾಡಿಗೆ ತಾನು ಅರಗಿನೊಳಗೆ ಹೊಸಬನಾಗಿಯೇ ಇದ್ದ. ಈ ಕಡೆ ಸವೆದವಳು ಅವಳು. ಬೇಳೆಯ ಕುಕ್ಕರು ಕೂಗಿದಾಗ ಎದ್ದು, ಮುಖ ತೊಳೆದು, ಹೂರಣ ರುಬ್ಬಿದೆ.

ಸಂಜೆ ಹೆಂಗಸರು ಬಂದರು. ಕಲಶಕ್ಕೆ ಹಸಿರು ಬ್ಲೌಸ್ ಪೀಸು ಉಡಿಸಿ, ನಿಂಬೆ ಎಲೆ ಇಟ್ಟು, ಕೊರಳಿಗೆ ಕಾಸು ಹಾಕಿದ್ದೆ, ಖಾಲಿ ಮಗ್ಗುಲು ಹೊರಗೆ ಬರುವಂತೆ. ಮಗನ ಮನೆಗೆಂದು ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಕುಂಕುಮದ ಬೆರಳು ಚಾಚಿ, ಅಲ್ಲೇ ತಡೆದರು.

“ತಿರುಗಿಬಿಟ್ಟದೆ ನೋಡವ್ವ. ಸರಿ ಮಾಡ್ಲಾ?”

“ಬೇಡಿ ಅಜ್ಜಿ. ಇವತ್ತು ಹಾಗೇ ಇರ್ಲಿ,” ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಕುಂಕುಮವನ್ನು ತೆಂಗಿನಕಾಯಿಗೆ ಇಟ್ಟು ಹಿಂದೆ ಸರಿದರು. ಉಳಿದವರೂ ಹಾಗೇ ಮಾಡಿದರು.

ನನ್ನ ಗಂಡ ಬಂದರು. ಸ್ನಾನ ಮಾಡಿ, ಪಂಚೆ ಉಟ್ಟು, ಎಲ್ಲರ ನಡುವೆ ದಾರಿ ಬಿಡಿಸಿಕೊಂಡು ಕಲಶದ ಮುಂದೆ ನಿಂತರು. ಕೈ ಮುಗಿದರು. ಮಂಡಿ ಬಗ್ಗಿಸಲು ಹೋದವರು ಕಾಸನ್ನು ನೋಡಿ ಹಾಗೇ ನಿಂತರು. ಹೆಂಗಸರು ಅವರ ನಮಸ್ಕಾರಕ್ಕೆ ಕಾಯುತ್ತಿದ್ದರು. ಹೋದ ವರ್ಷ ಎಲ್ಲರೂ ನೋಡಿದ್ದರಲ್ಲ.

ಮಗಳು ನನ್ನ ಸೆರಗು ಜಗ್ಗಿದಳು. ಕನ್ನಡ ಎಲ್ಲ ಅರ್ಥವಾಗುತ್ತಿದ್ದರೂ ಅವಳು ಆಡುತ್ತಿದ್ದದ್ದು ಇಂಗ್ಲಿಷೇ. “ಅಮ್ಮಾ, ವೇರ್ ಡಿಡ್ ದ ಲೇಡಿ ಗೋ?”

ಮುಂದೆ ಆ ಕಾಸು ಅವಳಿಗೆ ಬರಬೇಕಾಗಿತ್ತು. ಕೇಳುವ ಹಕ್ಕು ಅವಳದೇ.

“ನಿಮ್ಮಪ್ಪನ್ನ ಕೇಳು ಪುಟ್ಟಿ. ಅವ್ರಿಗೆ ಗೊತ್ತು.”

ಅವಳು ಹೋಗಿ ಅಪ್ಪನ ಪಂಚೆ ಹಿಡಿದು ಅದನ್ನೇ ಕೇಳಿದಳು, ಎಲ್ಲರಿಗೂ ಕೇಳಿಸುವಂತೆ. ಅವರು ಮುಗಿದ ಕೈಯಲ್ಲೇ ನನ್ನ ಕಡೆ ತಿರುಗಿದರು. ಅಂದು ಡೈರೆಕ್ಟರ ಹಿತ್ತಲಲ್ಲಿ ಎತ್ತಿದ ಹಾಗೇ ಎರಡೂ ಹುಬ್ಬು ಎತ್ತಿದರು, ತಲೆಯನ್ನು ತುಸುವೇ ಅಡ್ಡಡ್ಡ ಆಡಿಸಿದರು. ನಾನು ಕರ್ಪೂರ ಹಚ್ಚಿ ತಟ್ಟೆಯನ್ನು ಅವರ ಕೈಗೆ ಕೊಟ್ಟೆ.

“ಮಂಗಳಾರತಿ ನೀವೇ ಮಾಡಿ,” ಎಂದೆ.

ಏನಾಗಿದೆ ಎಂದು ತಿಳಿಯದಿದ್ದರೂ ಹೆಂಗಸರು ಮೆಲ್ಲಗೆ ಹಾಡು ಶುರು ಮಾಡಿದರು. ನನ್ನ ಗಂಡ ತಟ್ಟೆ ಎತ್ತಿ ಆ ಖಾಲಿ ಚಿನ್ನಕ್ಕೆ ಆರತಿ ಬೆಳಗಿದರು. ಎಲ್ಲರೂ ಕೈ ಮುಗಿದರು. ನಾನು ಮುಗಿಯಲಿಲ್ಲ.